ತನಿಖೆ ಅಕ್ಕನ ಕ್ಲಿಪ್ಪುಗಳು

"ಏನೂ ಆಗಿಲ್ಲ" ಎಂದು ಯಾರಾದರೂ ತಾವಾಗಿಯೇ ಹೇಳಿದರೆ ಸಾಕು, ಅಕ್ಕನ ಕಿವಿ ನೆಟ್ಟಗಾಗುತ್ತಿತ್ತು. ನಿಜವಾಗಿ ಏನೂ ಆಗದವರು ಹಾಗೆ ಹೇಳುವುದಿಲ್ಲ. ಅವರು ಕೀಲಿಕೈ ಕೊಟ್ಟು, ಚೀಲ ಹೆಗಲಿಗೇರಿಸಿ, ಮಕ್ಕಳನ್ನು ಗದರುತ್ತಾ ಹೊರಟುಹೋಗುತ್ತಾರೆ. ಏನೋ ಮಾಡಿಕೊಂಡು ಬಂದವರು ಮಾತ್ರ ಗಾಡಿಯ ಮೆಟ್ಟಿಲು ಇಳಿಯುವಾಗಲೇ "ಏನೂ ಆಗಿಲ್ಲ ಅಕ್ಕಾ, ಎಲ್ಲಾ ಹೇಗಿತ್ತೋ ಹಾಗೇ ಇದೆ" ಎಂದು ಶುರುಮಾಡುತ್ತಾರೆ. ಹತ್ತೊಂಬತ್ತು ವರ್ಷದಲ್ಲಿ ಆ ಮಾತನ್ನು ಅವಳು ಒಂದು ಸಲವೂ ನಂಬಿದವಳಲ್ಲ.

ಹಾಸಿಗೆ, ಒಲೆ, ಸಿಂಕು, ಫ್ರಿಜ್ಜು, ಕೂತರೆ ಮೊಣಕಾಲು ಗೋಡೆಗೆ ತಾಗುವಷ್ಟು ಚಿಕ್ಕ ಕಕ್ಕಸು, ಇಷ್ಟನ್ನೂ ಹೊಟ್ಟೆಯೊಳಗೆ ಇಟ್ಟುಕೊಂಡು ಓಡಾಡುವ ಕ್ಯಾರವಾನುಗಳನ್ನು ಬಾಡಿಗೆಗೆ ಕೊಡುವ ಯಾರ್ಡು ಅದು. ಯಾರ್ಡಿನವರು ಅವನ್ನು ಮನೆಗಾಡಿ ಅನ್ನುತ್ತಿದ್ದರು. ಒಟ್ಟು ಹನ್ನೊಂದು ಗಾಡಿ. ಓನರು ತಗಡಿನ ಕೋಣೆಯಲ್ಲಿ ಕೂತು ಫೋನಿನಲ್ಲಿ ನಗುನಗುತ್ತಾ ಮಾತಾಡುತ್ತಿದ್ದ. ಗಾಡಿ ಹೊರಡುವಾಗ ಬಾಡಿಗೆಯವರಿಗೆ ಪಾಠ ಹೇಳುವುದು, ವಾಪಸು ಬಂದಾಗ ಮೂಲೆಮೂಲೆ ತಡಕುವುದು ಅಕ್ಕನ ಕೆಲಸ. ಅದಕ್ಕೇ ಎಲ್ಲರ ಬಾಯಲ್ಲೂ ಅವಳು ತನಿಖೆ ಅಕ್ಕ.

ತನಿಖೆ ಮೂಗಿನಿಂದ ಶುರುವಾಗುತ್ತಿತ್ತು. ಬಾಗಿಲು ತೆರೆದು ಒಂದು ಕಾಲು ಒಳಗಿಟ್ಟು ಸುಮ್ಮನೆ ಉಸಿರೆಳೆದುಕೊಳ್ಳುತ್ತಿದ್ದಳು. ಹಾಲು ಉಕ್ಕಿದ್ದು, ಹಾಸಿಗೆ ಒದ್ದೆಯಾದದ್ದು, ಸಿಗರೇಟು ಸೇದಿ ಕಿಟಕಿ ತೆರೆದಿಟ್ಟದ್ದು, ಎಲ್ಲ ಅಲ್ಲೇ ಗೊತ್ತಾಗುತ್ತಿತ್ತು. ಒಂದು ಸಲ ದಂಪತಿ ವಾಪಸು ಬಂದು, ನಾಯಿ ಗೀಯಿ ಏನೂ ಕರಕೊಂಡು ಹೋಗಿರಲಿಲ್ಲ ಎಂದು ಕೇಳದೆಯೇ ಹೇಳಿದರು. ಅಕ್ಕ ದಿಂಬಿನ ಮೇಲಿಂದ ಎರಡು ಬೆರಳಲ್ಲಿ ಕಂದು ಕೂದಲು ಹಿಡಿದೆತ್ತಿ, ಆ ಹೆಂಗಸಿನ ಪಕ್ಕ ನಿಂತಿದ್ದ ಬೋಳುತಲೆಯ ಗಂಡನನ್ನು ನೋಡಿ, "ಹಾಗಾದ್ರೆ ಇದು ಇವರದಾ?" ಅಂದಳು. ತಗಡಿನ ಕೋಣೆಯೊಳಗೆ ಓನರು ನಗು ತಡೆಯಲಾಗದೆ ಫೋನು ಇಟ್ಟುಬಿಟ್ಟ.

ಪಾಠ ಹೇಳುವುದರಲ್ಲಿಯೂ ಅವಳಿಗೆ ಯಾರ ಮೇಲೂ ಭರವಸೆ ಇರಲಿಲ್ಲ. ಎದುರಿಗೆ ನಿಂತವರು ಎಂಥ ದೊಡ್ಡ ಹುದ್ದೆಯವರೇ ಆಗಲಿ, ಈ ಮನುಷ್ಯ ತಪ್ಪು ಮಾಡಿಯೇ ಮಾಡುತ್ತಾನೆ ಎಂದುಕೊಂಡೇ ಬಾಯಿ ತೆರೆಯುತ್ತಿದ್ದಳು. ತಟ್ಟೆಗಳ ನಡುವೆ ಟವೆಲ್ ಇಡಿ, ಗಾಜಿನ ಲೋಟಕ್ಕೆ ಕಾಲುಚೀಲ ತೊಡಿಸಿ, ಇಲ್ಲದಿದ್ದರೆ ದಾರಿಯುದ್ದಕ್ಕೂ ಗಲಗಲ ಕೇಳಿ ತಲೆ ಕೆಡುತ್ತದೆ. ಮೊಟ್ಟೆ ಮನೆಯಲ್ಲೇ ಒಡೆದು ಬಾಟಲಿಗೆ ತುಂಬಿಕೊಳ್ಳಿ. ಗಾಡಿಯ ಎತ್ತರ ಎಷ್ಟು ಎಂದು ಚೀಟಿ ಬರೆದು ಕಣ್ಣೆದುರು ಅಂಟಿಸಿಕೊಳ್ಳಿ. ಸೇತುವೆ ಕೆಳಗೆ ನುಗ್ಗಿದ ಮೇಲೆ ಲೆಕ್ಕ ಹಾಕಿದರೆ ಆಗದು. ಕತ್ತಲಾಗುವ ಮೊದಲೇ, ನಾಲ್ಕು ಗಂಟೆಗೆಲ್ಲ ಜಾಗ ಸೇರಿಕೊಳ್ಳಿ. ನಿಲ್ಲಿಸಿದ ಮೇಲೆ ಮೇಜಿನ ಮೇಲೊಂದು ಅಗಲ ತಟ್ಟೆಯಲ್ಲಿ ನೀರಿಡಿ. ನೀರು ಯಾವ ಕಡೆ ಓಡುತ್ತದೋ ಆ ಕಡೆಯ ಚಕ್ರದ ಕೆಳಗೆ ಹಲಗೆ ಕೊಡಿ. ಕೊಳಕು ಖಾಲಿ ಮಾಡುವಾಗ ಮೊದಲು ಕಕ್ಕಸಿನ ಟ್ಯಾಂಕು, ಆಮೇಲೆ ಸಿಂಕಿನದು. ಪಾತ್ರೆ ತೊಳೆದ ನೀರೇ ಪೈಪು ತೊಳೆದುಕೊಂಡು ಹೋಗುತ್ತದೆ. ಇದನ್ನು ತಿರುವುಮುರುವು ಮಾಡಿದವರು ವಾಪಸು ಬಂದರೆ ಅಕ್ಕನಿಗೆ ಗೇಟಿನಲ್ಲೇ ತಿಳಿಯುತ್ತಿತ್ತು.

ಕೊನೆಯ ಪಾಠ ಕ್ಲಿಪ್ಪಿನದು. ಹಿಂದೊಮ್ಮೆ ಒಬ್ಬ ಗಣಿತದ ಮೇಷ್ಟ್ರು ನೀರಿನ ಪೈಪನ್ನು ನಲ್ಲಿಗೆ ಸಿಕ್ಕಿಸಿಟ್ಟೇ ಗಾಡಿ ಹೊರಡಿಸಿ, ನಲ್ಲಿಯನ್ನು ಬುಡಸಮೇತ ಕಿತ್ತು, ಅದನ್ನು ಎಳೆದುಕೊಂಡೇ ಯಾರ್ಡಿನ ತನಕ ಬಂದಿದ್ದರು. ಬಂದವರು ಹೇಳಿದ ಮಾತು, "ಏನೂ ಆಗಿಲ್ಲ." ಅವತ್ತೇ ಅಕ್ಕ ಅಂಗಡಿಗೆ ಹೋಗಿ ಬಟ್ಟೆ ಒಣಗಿಸುವ ಕೆಂಪು ಕ್ಲಿಪ್ಪುಗಳನ್ನು ತಂದು ಗಾಡಿಗೆ ಏಳರಂತೆ ಹಂಚಿದಳು.

"ಹೊರಗೆ ಒಂದು ವಸ್ತು ಹಾಕಿದ್ರೆ ಸ್ಟಿಯರಿಂಗಿಗೆ ಒಂದು ಕ್ಲಿಪ್ಪು," ಎನ್ನುತ್ತಿದ್ದಳು. "ಮೆಟ್ಟಿಲಿಗೆ ಒಂದು, ನೀರಿನ ಪೈಪಿಗೆ ಒಂದು, ಕರೆಂಟಿನ ವೈರಿಗೆ ಒಂದು, ಚಕ್ರದ ಅಡ್ಡಗಟ್ಟೆಗೆ, ನೆರಳಿನ ಪರದೆಗೆ, ಚಾವಣಿ ಕಿಟಕಿಗೆ, ಗ್ಯಾಸಿಗೆ. ಒಳಗೆ ತಂದಾಗ ಒಂದೊಂದೇ ತೆಗೀರಿ. ಸ್ಟಿಯರಿಂಗು ಬೋಳಾಗೋ ತನಕ ಚಾವಿ ತಿರುಗಿಸೋ ಹಾಗಿಲ್ಲ. ಮತ್ತೆ, ಯಾರು ಒಳಗೆ ತಂದ್ರೋ ಅವರೇ ತೆಗೀಬೇಕು. ಪಕ್ಕದಲ್ಲಿ ಕೂತವರು ಯಾಕೋ ಅಡ್ಡ ಇದೆ ಅಂತ ಕಿತ್ತು ಬಿಸಾಕಿದ್ರೆ ನಾನು ಸುಮ್ಮನಿರಲ್ಲ."

ಆಮೇಲಿನಿಂದ ಒಂದು ನಲ್ಲಿಯೂ ಕಿತ್ತುಬರಲಿಲ್ಲ. ಹೀಗೆ ಸಾವಿರಾರು ಜನರನ್ನು ಕೆರೆ, ಗುಡ್ಡ, ಸಮುದ್ರ ಎಂದು ಕಳಿಸಿಕೊಟ್ಟ ಅಕ್ಕ ತಾನು ಮಾತ್ರ ಮನೆಗಾಡಿಯಲ್ಲಿ ಒಂದು ದಿನವೂ ಮಲಗಿರಲಿಲ್ಲ.

ಆ ವರ್ಷ ಓನರು ಅವಳನ್ನು ಕರೆದು, ನಾಲ್ಕನೇ ನಂಬರಿನ ಗಾಡಿ ರಿಪೇರಿಯಾಗಿ ಬಂದಿದೆ, ಆರು ದಿನ ನೀನೇ ತಗೊಂಡು ಹೋಗಿ ಬಾ, ಎಲ್ಲಾದರೂ ಸೋರುತ್ತಾ ನೋಡಿದ ಹಾಗೂ ಆಯಿತು, ಭಾವನವರನ್ನೂ ಕರಕೊಂಡು ಹೋಗು ಅಂದ. ಓನರು ಬಿಟ್ಟಿ ಕೊಡುತ್ತಿದ್ದಾನೆ ಎಂದರೆ ಗಾಡಿಯಲ್ಲಿ ದೊಡ್ಡ ಐಬೇ ಇರಬೇಕು ಎಂದು ಅಕ್ಕ ಎರಡು ದಿನ ಅದರ ಕೆಳಗೆ ಮಲಗಿ ಹುಡುಕಿದಳು. ಏನೂ ಸಿಗಲಿಲ್ಲ. ಮೂರನೇ ದಿನ ಒಪ್ಪಿಕೊಂಡಳು.

ಮನೆಗೆ ಬಂದು ಗಂಡನಿಗೆ ಹೇಳಿದಾಗ ಅವನು ಮುಖ ಅರಳಿಸಬೇಕಿತ್ತು. ಮೂವತ್ತೊಂದು ವರ್ಷ ಊರಿನ ಬಸ್ಸು ಓಡಿಸಿ, ಎರಡು ವರ್ಷದ ಹಿಂದೆ ನಿವೃತ್ತನಾದ ಮನುಷ್ಯ. ಮನೆಯಲ್ಲಿ ಕೂತು ಬೇಜಾರು ಅನ್ನುತ್ತಿದ್ದವನು. ಅವನು ಅಕ್ಕನ ಮುಖ ನೋಡದೆ, "ನೀನೂ ನಿನ್ನ ತಂಗಿನೂ ಹೋಗ್ಬನ್ನಿ. ನನಗ್ಯಾಕೆ?" ಅಂದ.

"ನಿಮಗ್ಯಾಕೆ ಅಂದ್ರೆ? ಓಡಿಸೋರು ಯಾರು?"

"ನೀನೇ ಓಡಿಸು. ಯಾರ್ಡಲ್ಲಿ ದಿನಾ ಓಡಿಸ್ತೀಯಲ್ಲ."

ಬಸ್ ಡ್ರೈವರಿಗೆ ಗಾಡಿ ಬೇಡವಂತೆ. ಅಕ್ಕನ ಮೂಗು ಒಂದು ಸಲ ಉಸಿರೆಳೆದುಕೊಂಡಿತು. ತಾನು ಆರು ದಿನ ಊರಲ್ಲಿರುವುದಿಲ್ಲ, ಇವನು ಒಬ್ಬನೇ ಇರಲು ಬಯಸುತ್ತಾನೆ. ಯಾಕೆ?

ಒಮ್ಮೆ ಈ ಪ್ರಶ್ನೆ ಹೊಕ್ಕ ಮೇಲೆ ಅಕ್ಕನ ಕಣ್ಣಿಗೆ ಬೇರೆಬೇರೆ ವಿಷಯ ಬೀಳತೊಡಗಿತು. ಮನೆಯಲ್ಲಿ ಬಟ್ಟೆ ಒಗೆಯುವುದು ಅವಳು, ಒಣಹಾಕುವುದು ಅವನು. ತಂತಿಯ ಮೇಲೆ ಹನ್ನೆರಡು ನೀಲಿ ಕ್ಲಿಪ್ಪು ಇರುತ್ತಿದ್ದವು. ಈಗ ನೋಡಿದರೆ ಐದು. ಅವನ ಪ್ಯಾಂಟು ನೆನೆಸುವಾಗ ಜೇಬಿನಲ್ಲಿ ಎರಡು ಸಿಕ್ಕವು. ಕೇಳಿದರೆ, "ಬಟ್ಟೆ ತೆಗೆಯೋವಾಗ ಜೇಬಿಗೆ ಹಾಕ್ಕೊಂಡಿದ್ದೆ" ಅಂದ. ಅದು ಬಟ್ಟೆ ತೆಗೆಯುವ ದಿನವೇ ಅಲ್ಲ. ಇನ್ನೊಂದು ದಿನ ಅವಳು ಅಡುಗೆಮನೆಗೆ ಹೋದಾಗ ಒಲೆಯ ಮೇಲೆ ನೀರು ಕುದಿಯುತ್ತಿತ್ತು, ಗಂಡನ ಅಂಗಿಯ ತೋಳಿಗೆ ಕ್ಲಿಪ್ಪು ಸಿಕ್ಕಿಕೊಂಡಿತ್ತು. ಅವಳನ್ನು ಕಂಡೊಡನೆ ಅದನ್ನು ಕಿತ್ತು ಮುಷ್ಟಿಯೊಳಗೆ ಮುಚ್ಚಿಕೊಂಡ.

"ಏನದು?"

"ಏನಿಲ್ಲ."

ಸಂಜೆ ಯಾರ್ಡಿನಿಂದ ಬರುವಾಗ ಅವನು ಮನೆಯ ಮುಂದಿನ ಮೆಟ್ಟಿಲ ಮೇಲೆ ಕೂತಿರುತ್ತಿದ್ದ. ಮೊದಲು ಹಾಗೆ ಕೂರುವ ಅಭ್ಯಾಸವೇ ಇರಲಿಲ್ಲ. ಒಳಗೆ ಫ್ಯಾನಿದೆ, ಕುರ್ಚಿಯಿದೆ. ಕೇಳಿದರೆ ಗಾಳಿಗೆ ಕೂತಿದ್ದೆ ಅನ್ನುತ್ತಿದ್ದ. ಯಾರ ದಾರಿ ಕಾಯುತ್ತಿದ್ದಾನೆ ಎಂದು ಅಕ್ಕ ಬೀದಿಯ ಎರಡೂ ಕಡೆ ನೋಡುತ್ತಿದ್ದಳು. ಎದುರುಮನೆಯ ಪರದೆ ಅಲ್ಲಾಡಿದರೂ ಅವಳ ಲೆಕ್ಕಕ್ಕೆ ಬರುತ್ತಿತ್ತು.

ಪಕ್ಕದ ಬೀದಿಯಲ್ಲಿ ಹೊಲಿಗೆ ಅಂಗಡಿ ಇಟ್ಟುಕೊಂಡಿದ್ದ ತಂಗಿ ಉರಿಯುವುದಕ್ಕೆ ಎಣ್ಣೆ ಹೊಯ್ದಳು. "ಅಕ್ಕಾ, ರಿಟೈರಾದ ಗಂಡಸರ ವಿಷಯ ನಿನಗೆ ಗೊತ್ತಿಲ್ಲ. ಕೈಗೆ ಕೆಲಸ ಇರಲ್ಲ, ತಲೆ ಎಲ್ಲೆಲ್ಲೋ ಹೋಗುತ್ತೆ. ಊರವರ ಗಾಡಿಯೆಲ್ಲ ತಪಾಸಣೆ ಮಾಡ್ತೀಯ, ನಿನ್ನ ಮನೇದೇ ನಿನಗೆ ಕಾಣಲ್ವಾ?"

ಆ ಮಾತು ಅಕ್ಕನಿಗೆ ನಾಟಿತು. ಗಂಡನ ಮೇಲಿನ ಸಿಟ್ಟಿಗಿಂತ, ತನ್ನ ಕೆಲಸದ ಮೇಲೇ ಕೈ ಇಟ್ಟಳಲ್ಲ ಎಂಬ ಸಿಟ್ಟು ಹೆಚ್ಚಾಯಿತು.

ಪ್ರವಾಸಕ್ಕೆ ಬೇಕಾದ ಸಾಮಾನು ತರಲು ಇಬ್ಬರೂ ತಮ್ಮ ಹಳೆಯ ಕಾರಿನಲ್ಲಿ ಪೇಟೆಗೆ ಹೋದ ದಿನ ಗುಮಾನಿಗೆ ಕೈಕಾಲು ಬಂತು. ಅವನನ್ನು ಕಾರಿನಲ್ಲೇ ಕೂರಿಸಿ ಅಕ್ಕ ಟವೆಲ್ ತರಲು ಅಂಗಡಿಯೊಳಗೆ ಹೋದಳು. ಹತ್ತು ನಿಮಿಷದಲ್ಲಿ ಹೊರಗೆ ಬಂದರೆ ಕಾರೂ ಇಲ್ಲ, ಗಂಡನೂ ಇಲ್ಲ. ಒಂದು ಗಂಟೆ ಬಿಸಿಲಲ್ಲಿ ನಿಂತಳು. ಫೋನು ಮಾಡಿದರೆ ಅದು ಅವಳ ಕೈಚೀಲದಲ್ಲೇ ಹೊಡೆದುಕೊಂಡಿತು. ಅವನದನ್ನೂ ಅವಳೇ ಇಟ್ಟುಕೊಂಡಿದ್ದಳು. ಎರಡು ಬಸ್ಸು ಬದಲಾಯಿಸಿ ಮನೆಗೆ ಬಂದಾಗ ಗಂಡ ಕುರ್ಚಿಯಲ್ಲಿ ಕೂತು ಟೀ ಕುಡಿಯುತ್ತಿದ್ದ. ಬಾಗಿಲಲ್ಲಿ ಅವಳನ್ನು ನೋಡಿ ಒಂದು ಕ್ಷಣ ನಗುತ್ತಾ ಎದ್ದ. ಆಮೇಲೆ ಅವಳ ಕೈಯಲ್ಲಿದ್ದ ಟವೆಲಿನ ಕಟ್ಟು ನೋಡಿದ. ಬಿಳಿಚಿಕೊಂಡ.

"ಕಾರು ಬಿಸಿಯಾಗಿತ್ತು. ಗ್ಯಾರೇಜಿಗೆ... ಗ್ಯಾರೇಜಿಗೆ ಹೋಗಿದ್ದೆ. ಈಗ ತಾನೇ ಬಂದೆ. ಏನೂ ಆಗಿಲ್ಲ."

ಅಕ್ಕ ಹೊರಗೆ ಹೋಗಿ ಬಾನೆಟ್ಟಿನ ಮೇಲೆ ಕೈ ಇಟ್ಟಳು. ತಣ್ಣಗಿತ್ತು. ಬಂದು ಗಂಟೆಯ ಮೇಲಾಗಿದೆ. ಸುಳ್ಳು. ಹೆಂಡತಿಯನ್ನು ಅಂಗಡಿಯೊಳಗೆ ಕಳಿಸಿ, ಈ ಗಂಡಸು ಎಲ್ಲಿಗೋ ಹೋಗಿ ಬಂದು, ಏನೂ ಅರಿಯದವನ ಹಾಗೆ ಟೀ ಹೀರುತ್ತಿದ್ದಾನೆ. ಮೂವತ್ತಮೂರು ವರ್ಷ ಜೊತೆಗೆ ಬಾಳಿದವನು ಅವಳಿಗೆ "ಏನೂ ಆಗಿಲ್ಲ" ಎಂದಿದ್ದು ಅದೇ ಮೊದಲು. ಅಕ್ಕನಿಗೆ ಅಳು ಬಂತು. ಅಳಲಿಲ್ಲ, ಟವೆಲುಗಳನ್ನು ಬಿಚ್ಚಿ ಮತ್ತೆ ಮಡಿಸಿದಳು.

ಎರಡು ದಿನ ಬಿಟ್ಟು ಅವನ ಅಂಗಿಯ ಒಳಜೇಬಿನಲ್ಲಿ ಚೀಟಿ ಸಿಕ್ಕಿತು. ಅವನದೇ ಅಕ್ಷರ. ಬೀದಿಯ ಹೆಸರಿಲ್ಲ, ಮನುಷ್ಯರ ಹೆಸರಿಲ್ಲ. "ಆಸ್ಪತ್ರೆ ಸ್ಟಾಪಲ್ಲಿ ಇಳಿ. ಎಡಕ್ಕೆ. ಕನ್ನಡಕದ ಅಂಗಡಿ ಆದಮೇಲೆ ಬಲಕ್ಕೆ. ಮೆಟ್ಟಿಲು ಹತ್ತು. ಮೂರನೇ ಗೇಟು. ಬೆಲ್ ಒತ್ತು."

ಸಿಕ್ಕಿಬಿದ್ದ ಎಂದುಕೊಂಡಳು ಅಕ್ಕ. ಅವತ್ತು ಯಾರ್ಡಿಗೆ ಅರ್ಧ ದಿನ ರಜೆ ಹೇಳಿ, ಬಸ್ಸು ಹತ್ತಿ ಆಸ್ಪತ್ರೆ ಸ್ಟಾಪಿನಲ್ಲಿ ಇಳಿದಳು. ಅವಳು ಯಾವಾಗಲೂ ಯಾರ್ಡಿನಿಂದ ಮೇಲಿನ ರಸ್ತೆಯಲ್ಲೇ ಮನೆಗೆ ಬರುವವಳು. ಈ ಕೆಳಗಿನ ರಸ್ತೆಯ ಕಡೆಗೆ ಬಂದು ವರ್ಷಗಳೇ ಆಗಿತ್ತು. ಎಡಕ್ಕೆ ನಡೆದಳು. ಕನ್ನಡಕದ ಅಂಗಡಿ ಸಿಕ್ಕಿತು. ಬಲಕ್ಕೆ ತಿರುಗಿದಳು. ಮೆಟ್ಟಿಲು ಕಂಡವು. ಏದುಸಿರು ಬಿಡುತ್ತಾ ಹತ್ತಿ ಮೇಲೆ ಬಂದು ನೋಡುತ್ತಾಳೆ, ಎದುರಿಗಿರುವುದು ತನ್ನದೇ ಬೀದಿಯ ಇನ್ನೊಂದು ತುದಿ. ನಮ್ಮ ಬೀದಿಯಲ್ಲೇ! ಇವನ ಧೈರ್ಯವೇ! ಅಕ್ಕ ಗೇಟು ಎಣಿಸಿದಳು. ಮೊದಲನೆಯದು ಪುಸ್ತಕಕ್ಕೆ ಬೈಂಡು ಹಾಕುವವರದು. ಎರಡನೆಯದು ಒಬ್ಬಳೇ ಇರುವ ನರ್ಸಿನದು; ಅಲ್ಲಿ ಅಕ್ಕನ ಕಾಲು ಒಂದು ಗಳಿಗೆ ನಿಂತಿತು. ಆದರೆ ಚೀಟಿಯಲ್ಲಿದ್ದದ್ದು ಮೂರು. ಮೂರನೇ ಗೇಟು ಹಸಿರು ಬಣ್ಣದ್ದು, ಕೆಳಗಿನ ತಿರುಗಣಿ ಸಡಿಲವಾದದ್ದು, ತಂತಿಯ ಮೇಲೆ ಅವಳದೇ ಟವೆಲು ಒಣಗುತ್ತಿದ್ದದ್ದು.

ಅವಳ ಸ್ವಂತ ಮನೆ.

ಬೇರೆ ಯಾರಾದರೂ ಆಗಿದ್ದರೆ ಅಲ್ಲಿಗೆ ಸಮಾಧಾನಪಟ್ಟುಕೊಂಡು ಒಳಗೆ ಹೋಗುತ್ತಿದ್ದರು. ತನಿಖೆ ಅಕ್ಕ ಗೇಟಿನ ಹೊರಗೆ ನಿಂತೇ ತಲೆ ಓಡಿಸಿದಳು. ಇವನಿಗೆ ತನ್ನ ಮನೆಯ ದಾರಿ ಬರೆದಿಟ್ಟುಕೊಳ್ಳುವ ಗತಿ ಯಾಕೆ ಬಂತು? ಇವನ ಹತ್ತಿರ ಬೀಗದ ಕೈ ಇದೆ, ಬೆಲ್ ಒತ್ತುವ ಅಗತ್ಯ ಏನು? ಹಾಗಾದರೆ ಇದು ಇನ್ನೊಬ್ಬರಿಗೆ ಕೊಡಲು ಬರೆದ ಚೀಟಿ. ನಾನು ಯಾರ್ಡಿನಲ್ಲಿರುವ ಹೊತ್ತಿನಲ್ಲಿ, ಬಸ್ಸು ಹತ್ತಿ, ಮೆಟ್ಟಿಲು ಹತ್ತಿ, ಬೆಲ್ ಒತ್ತಿ, ನನ್ನ ಮನೆಯೊಳಗೆ ಬರುವವರು ಯಾರೋ ಇದ್ದಾರೆ. ಅದಕ್ಕೇ ಅವನು ಮೆಟ್ಟಿಲ ಮೇಲೆ ಕೂತು ದಾರಿ ಕಾಯುವುದು. ಅದಕ್ಕೇ ಆರು ದಿನ ನನ್ನನ್ನು ಸಾಗಹಾಕಲು ನೋಡುವುದು. ಒಂದಕ್ಕೊಂದು ಎಷ್ಟು ಸರಿಯಾಗಿ ಕೂತಿತೆಂದರೆ, ಅಕ್ಕನಿಗೆ ಸಂಕಟದ ನಡುವೆಯೂ ತನ್ನ ಬುದ್ಧಿಯ ಬಗ್ಗೆ ಸ್ವಲ್ಪ ಹೆಮ್ಮೆಯಾಯಿತು.

ಚೀಟಿಯನ್ನು ಇದ್ದಲ್ಲೇ ಇಟ್ಟು, ತೀರ್ಮಾನ ಮಾಡಿದಳು. ಗಂಡನನ್ನು ಕರಕೊಂಡೇ ಹೋಗುವುದು. ಮನೆಗಾಡಿಯಲ್ಲಿ ಎದ್ದು ಹೋಗಲು ಇನ್ನೊಂದು ಕೋಣೆ ಇರುವುದಿಲ್ಲ. ಆರು ದಿನದೊಳಗೆ ಅವನ ಬಾಯಿ ಬಿಡಿಸುವುದು. ಬಿಡದಿದ್ದರೆ, ವಾಪಸು ಬಂದವಳು ಹಸಿರು ಗೇಟಿನೊಳಗೆ ಕಾಲಿಡದೆ ತಂಗಿಯ ಮನೆಯ ಮೇಲಿನ ಕೋಣೆಗೆ ಹೋಗಿಬಿಡುವುದು. ತಂಗಿ ಆಗಲೇ ಆ ಕೋಣೆ ಗುಡಿಸಿ, ಹಾಸಿಗೆ ಹಾಸಿ ಇಟ್ಟಿದ್ದಳು.

ಹೊರಟ ದಿನ ಸ್ಟಿಯರಿಂಗ್ ಹಿಡಿದ ಮೇಲೆ ಗಂಡ ಹಳೆಯ ಗಂಡನೇ ಆದ. ಅಷ್ಟುದ್ದದ ಗಾಡಿಯನ್ನು ಯಾರ್ಡಿನ ಕಿರಿದಾದ ಗೇಟಿನಲ್ಲಿ ಬೆಣ್ಣೆಯಿಂದ ಕೂದಲು ತೆಗೆದ ಹಾಗೆ ತೆಗೆದ. ಅಕ್ಕನಿಗೆ ಒಳಗೊಳಗೇ ಖುಷಿಯಾಯಿತು, ತೋರಿಸಿಕೊಳ್ಳಲಿಲ್ಲ. ಆದರೆ ದೊಡ್ಡ ವೃತ್ತ ಬಂದಾಗ ಅವನು ಊರಾಚೆ ಹೋಗುವ ರಸ್ತೆ ಬಿಟ್ಟು ಕೆಳಗಿನ ರಸ್ತೆಗೆ ತಿರುಗಿಸಿದ. ಆಸ್ಪತ್ರೆ ಸ್ಟಾಪಿನ ಹತ್ತಿರ ವೇಗ ಇಳಿಸಿ, ಎಡಕ್ಕೆ ಸರಿದು, ಸರಿಯಾಗಿ ಕಂಬದ ಪಕ್ಕ ನಿಲ್ಲಿಸಿದ. ಅಲ್ಲಿ ನಿಂತಿದ್ದ ಹೆಂಗಸರು ಕಣ್ಣುಬಿಟ್ಟು ನೋಡಿದರು.

"ಯಾಕೆ ನಿಲ್ಲಿಸಿದ್ರಿ? ಯಾರನ್ನ ಹತ್ತಿಸ್ಕೊಳ್ಳೋಕೆ?" ಅಕ್ಕನ ದನಿ ಏರಿತು.

ಗಂಡ ಕನ್ನಡಿ ನೋಡಿದ, ಅವಳನ್ನು ನೋಡಿದ. "ಅಭ್ಯಾಸ ಕಣೇ" ಎಂದು ಮತ್ತೆ ಹೊರಡಿಸಿದ. ಅಕ್ಕ ಸ್ಟಾಪಿನಲ್ಲಿದ್ದ ಮೂವರು ಹೆಂಗಸರ ಮುಖವನ್ನೂ ಜ್ಞಾಪಕದಲ್ಲಿಟ್ಟುಕೊಂಡಳು.

ಕೆರೆಯ ದಂಡೆ ಸೇರಿದಾಗ ಮೂರೂವರೆ. ಅಲ್ಲಿ ಪಾಠವೆಲ್ಲ ಪುಸ್ತಕದಲ್ಲಿದ್ದ ಹಾಗೇ ನಡೆಯಿತು. ಅಕ್ಕ ಹಿಂದೆ ನಿಂತು ಕೈಸನ್ನೆ ಮಾಡಿದಳು, ಅವನು ಹಿಂದಕ್ಕೆ ಬಿಟ್ಟ. ಸನ್ನೆ ಮಾಡುವವರ ಮುಖ ಕನ್ನಡಿಯಲ್ಲಿ ಕಾಣದಿದ್ದರೆ ಅಲ್ಲೇ ನಿಲ್ಲಿಸಬೇಕು ಎಂಬುದು ಅಕ್ಕನ ನಿಯಮ. ಅವಳು ಒಂದು ಹೆಜ್ಜೆ ಪಕ್ಕಕ್ಕೆ ಸರಿದಾಗಲೆಲ್ಲ ಅವನು ಗಕ್ಕನೆ ಬ್ರೇಕು ಹಾಕಿ, ಕಿಟಕಿಯಿಂದ ತಲೆ ಹೊರಹಾಕಿ, "ಎಲ್ಲಿದ್ದೀಯ?" ಎಂದು ಕೂಗುತ್ತಿದ್ದ. ಆ ದನಿಯಲ್ಲಿ ಯಾಕಷ್ಟು ಗಾಬರಿ ಎಂದು ಅಕ್ಕನಿಗೆ ಅದೂ ಅನುಮಾನ. ತಟ್ಟೆಯ ನೀರು ಎಡಕ್ಕೆ ಓಡಿತು, ಹಲಗೆ ಕೊಟ್ಟರು. ಮೆಟ್ಟಿಲು, ಪೈಪು, ವೈರು ಎಂದು ಒಂದೊಂದನ್ನೇ ಹಾಕಿ ಅವನು ಓಡಿಹೋಗಿ ಒಂದೊಂದು ಕ್ಲಿಪ್ಪು ಸಿಕ್ಕಿಸಿದ. ಯಾವ ಬಾಡಿಗೆಯವರೂ ಅಷ್ಟು ಭಕ್ತಿಯಿಂದ ಮಾಡಿದ್ದನ್ನು ಅವಳು ಕಂಡಿರಲಿಲ್ಲ.

ಎರಡು ದಿನ ಅಕ್ಕ ಬಲೆ ಬೀಸಿದಳು. ಆಲೂಗಡ್ಡೆ ಸುಲಿಯುತ್ತಾ, "ನಾವಿಲ್ಲದಾಗ ಮನೆಗೆ ಯಾರಾದ್ರೂ ಬಂದ್ರೆ?" ಅಂದಳು. "ಯಾರು ಬರ್ತಾರೆ?" ಅಂದ. ಕೆರೆ ನೋಡುತ್ತಾ, "ಆಸ್ಪತ್ರೆ ಸ್ಟಾಪಿನ ಹತ್ತಿರ ನಿಮಗೆ ಗುರುತಿನವರು ತುಂಬಾ ಜನ ಅಲ್ವಾ?" ಅಂದಳು. ಅವನು ತುಂಬಾ ಹೊತ್ತು ಯೋಚಿಸಿ, "ಇದ್ರು" ಅಂದ. ಅಷ್ಟೇ. ಅಡ್ಡಗೋಡೆಯ ಮೇಲೆ ದೀಪ ಇಟ್ಟ ಹಾಗೆ ಮಾತಾಡುವವರನ್ನು ಅಕ್ಕ ಬಹಳ ನೋಡಿದ್ದಳು. ಮೇಲಿನ ಕೋಣೆಗೆ ಯಾವ ಪೆಟ್ಟಿಗೆ ಒಯ್ಯುವುದು ಎಂದು ಮನಸ್ಸಿನಲ್ಲೇ ಜೋಡಿಸತೊಡಗಿದಳು.

ಮೂರನೇ ದಿನ ಬೆಳಿಗ್ಗೆ ಕೆರೆ ಬಿಟ್ಟು ಗುಡ್ಡದ ಕಡೆ ಹೊರಡಬೇಕಿತ್ತು. ಬಿಸಿಲು ಚೆನ್ನಾಗಿ ಬಿದ್ದಿತ್ತು. ಗಂಡ ಡ್ರೈವರ್ ಸೀಟಿನಲ್ಲಿ ಕೂತಿದ್ದ. ಅಕ್ಕ ಗಾಡಿಗೆ ಒಂದು ಸುತ್ತು ಬಂದಳು. ಮೆಟ್ಟಿಲು ಮಡಿಸಿದೆ, ಪೈಪು ಸುತ್ತಿದೆ, ವೈರು ಒಳಗಿದೆ, ಅಡ್ಡಗಟ್ಟೆ, ಪರದೆ, ಚಾವಣಿ, ಗ್ಯಾಸು, ಎಲ್ಲ ಸರಿ. ತನ್ನ ಕಡೆಯ ಬಾಗಿಲು ತೆರೆದು ಸ್ಟಿಯರಿಂಗ್ ನೋಡಿದಳು.

ಒಂದು ಕ್ಲಿಪ್ಪು ಇತ್ತು. ಕೆಂಪಲ್ಲ, ನೀಲಿ. ಮನೆಯ ತಂತಿಯದು.

ಅಕ್ಕ ಮತ್ತೊಂದು ಸುತ್ತು ಬಂದಳು. ಬಗ್ಗಿ ಗಾಡಿಯ ಕೆಳಗೆ ನೋಡಿದಳು. ಕಕ್ಕಸಿನ ಟ್ಯಾಂಕಿನ ಮುಚ್ಚಳ ಎಳೆದು ನೋಡಿದಳು. ಸಾಮಾನಿನ ಡಬ್ಬಿಗಳನ್ನೂ ಬಿಡಲಿಲ್ಲ. ಏನನ್ನೋ ಹೊರಗೆ ಇಟ್ಟಿದ್ದಾನೆ, ತನ್ನಿಂದ ಮುಚ್ಚಿ. ಈಗ ಕೈಗೆ ಸಿಕ್ಕಿದ್ದಾನೆ. ಬಾಗಿಲ ಹತ್ತಿರ ಬಂದು ಸೊಂಟದ ಮೇಲೆ ಕೈ ಇಟ್ಟು ನಿಂತಳು.

"ಏಳು ವಸ್ತು, ಏಳು ಕ್ಲಿಪ್ಪು. ಇದು ಯಾವುದರದ್ದು?"

ಗಂಡ ಕನ್ನಡಿ ಸರಿಮಾಡಿಕೊಂಡ.

"ರೀ, ನಿಮ್ಮನ್ನೇ ಕೇಳಿದ್ದು. ನನ್ನ ಕೆಲಸದಲ್ಲಿ ನನಗೇ ಆಟ ಆಡಿಸ್ಬೇಡಿ. ಎಂಟನೇದು ಯಾವುದರದ್ದು?"

"ನಿಂದು," ಅಂದ ಗಂಡ.

"ನಂದಾ?"

"ನೀನು ಇನ್ನೂ ಹೊರಗಿದ್ದೀಯಲ್ಲ." ಅವನು ಸ್ಟಿಯರಿಂಗ್ ಬಿಟ್ಟು ಕೈಗಳನ್ನು ತೊಡೆಯ ಮೇಲಿಟ್ಟುಕೊಂಡ. "ನೀನು ಹತ್ತಿ ಕೂತ ಮೇಲೆ ತೆಗೀತೀನಿ. ಅವತ್ತು ಕ್ಲಿಪ್ಪು ಇರಲಿಲ್ಲ."

"ಯಾವತ್ತು?"

"ಟವೆಲ್ ಅಂಗಡಿ." ಅವನ ದನಿ ಇಳಿಯಿತು. "ಗ್ಯಾರೇಜಿಗೆ ಹೋಗಿರಲಿಲ್ಲ ಕಣೇ. ನೀನು ಅಂಗಡಿಗೆ ಹೋಗಿದ್ದು ಮರೆತೆ ಅಂತಲ್ಲ. ನೀನು ಜೊತೆಗೆ ಬಂದಿದ್ದೇ ಮರೆತುಹೋಯ್ತು. ಕಾರಲ್ಲಿ ಒಬ್ನೇ ಕೂತಿದ್ದೆ, ಮನೆಗೆ ಹೋದೆ, ಟೀ ಮಾಡ್ಕೊಂಡೆ. ನೀನು ಯಾರ್ಡಿಂದ ಬರ್ತೀಯ ಅಂತ ಕಾಯ್ತಾ ಕೂತೆ. ನೀನು ಬಾಗಿಲಿಗೆ ಬಂದಾಗ, ಇವತ್ತು ಬೇಗ ಬಂದ್ಳಲ್ಲ ಅಂತ ಖುಷಿಯಾಯ್ತು. ಆಮೇಲೆ ಟವೆಲ್ ನೋಡಿದೆ."

ಅಕ್ಕನ ಕೈ ಸೊಂಟದಿಂದ ಜಾರಿತು. ಬಾಗಿಲು ಹಿಡಿದುಕೊಂಡಳು.

"ಆ ಚೀಟಿ?" ಅಂದಳು. "ಮೂರನೇ ಗೇಟು, ಬೆಲ್ ಒತ್ತು ಅಂತ..."

"ನೋಡಿದ್ಯಾ ಅದನ್ನ?" ಅವನಿಗೆ ನಾಚಿಕೆಯಾಯಿತು. "ಬಸ್ಸಿಂದ ಇಳಿದ ಮೇಲೆ ಒಂದೊಂದು ಸಲ ಎಲ್ಲಾ ಬೀದಿನೂ ಒಂದೇ ಥರ ಕಾಣುತ್ತೆ. ಬೀಗದ ಕೈ ಯಾವ ಜೇಬಲ್ಲಿದೆ ಗೊತ್ತಾಗಲ್ಲ. ಬೆಲ್ ಒತ್ತಿದ್ರೆ ನೀನು ತೆಗೀತೀಯ."

"ನಾನು ಮನೇಲಿ ಇಲ್ದಿದ್ರೆ?"

"ಮೆಟ್ಟಿಲ ಮೇಲೆ ಕೂತಿರ್ತೀನಿ."

ಗಾಳಿಗೆ ಕೂತಿದ್ದೆ ಎಂದು ಅವನು ಹೇಳಿದ ಸಂಜೆಗಳನ್ನೆಲ್ಲ ಅಕ್ಕ ಒಂದೊಂದಾಗಿ ನೆನೆದಳು. ಅವನು ಕಾಯುತ್ತಿದ್ದದ್ದು ಅವಳ ದಾರಿಯನ್ನೇ. ಅಂಗಿಯ ತೋಳಿನ ಕ್ಲಿಪ್ಪು ಯಾವುದರದ್ದು ಎಂದು ಈಗ ಕೇಳಬೇಕಾಗಿಯೇ ಇರಲಿಲ್ಲ. ಒಲೆ ಉರಿಯುತ್ತಿದೆ ಎಂಬ ಗುರುತು. ಅವಳು ಊರವರಿಗೆಲ್ಲ ಕಲಿಸಿದ ಪಾಠವನ್ನು ಮನೆಯಲ್ಲಿ ಒಬ್ಬ ಸದ್ದಿಲ್ಲದೆ ಕಲಿತುಕೊಂಡಿದ್ದ. ಅವಳ ಮೂಗಿಗೆ ಅದು ಬಡಿದಿರಲಿಲ್ಲ.

"ನನಗ್ಯಾಕೆ ಹೇಳ್ಲಿಲ್ಲ?"

"ಹೇಳಿದ್ರೆ ನೀನು ದಿನಾ ಗಾಡಿ ನೋಡಿದ ಹಾಗೆ ನನ್ನ ನೋಡ್ತಿದ್ದೆ," ಅಂದ ಗಂಡ. "ಎಲ್ಲಿ ಗೀಚಿದೆ, ಎಲ್ಲಿ ಸೋರ್ತಿದೆ ಅಂತ. ಅದಕ್ಕೇ ಪ್ರವಾಸಾನೂ ಬೇಡ ಅಂದಿದ್ದು. ಸ್ವಲ್ಪ ದಿನ ಮನುಷ್ಯನ ಹಾಗೇ ಇರೋಣ ಅನ್ನಿಸ್ತು."

ಅವನು ಹೇಳಿದ್ದು ಸತ್ಯವಾಗಿತ್ತು. ಮೂರು ವಾರದಿಂದ ಅವಳು ಮಾಡುತ್ತಿದ್ದದ್ದೂ ಅದನ್ನೇ.

ಕೆರೆಯ ಆಚೆ ದಂಡೆಯಲ್ಲಿ ಯಾರೋ ಮಕ್ಕಳನ್ನು ಕೂಗುತ್ತಿದ್ದರು. ಅಕ್ಕ ಹತ್ತಿ ಅವನ ಪಕ್ಕದ ಸೀಟಿನಲ್ಲಿ ಕೂತು ಬಾಗಿಲು ಎಳೆದುಕೊಂಡಳು. ನಿಯಮ ನಿಯಮವೇ, ಕೈ ಚಾಚಿ ತಾನೇ ಕ್ಲಿಪ್ಪು ತೆಗೆಯಲಿಲ್ಲ. ಗಂಡ ಅವಳು ಕೂತದ್ದನ್ನು ನೋಡಿ, ಬಾಗಿಲ ಚಿಲಕ ನೋಡಿ, ನೀಲಿ ಕ್ಲಿಪ್ಪು ತೆಗೆದು ಜೇಬಿಗೆ ಹಾಕಿಕೊಂಡ. ಸ್ಟಿಯರಿಂಗು ಬೋಳಾಯಿತು. ಚಾವಿಗೆ ಕೈ ಹಾಕಿದ.

"ಇರಿ," ಅಂದಳು ಅಕ್ಕ. "ಇನ್ಮೇಲೆ ನಾನು ಓಡಿಸ್ತೀನಿ. ಗುಡ್ಡದ ದಾರಿ ನೋಡ್ಕೊಂಡು ಕೂತ್ಕೊಳ್ಳಿ. ಮೂವತ್ತೊಂದು ವರ್ಷ ಕಿಟಕಿಯಾಚೆ ಏನಿದೆ ಅಂತ ನೋಡೋಕೆ ನಿಮಗೆ ಪುರಸೊತ್ತೇ ಇರಲಿಲ್ಲ."

ಅವನು ವಾದ ಮಾಡಲಿಲ್ಲ. ಹೊರೆ ಇಳಿಸಿದವನ ಹಾಗೆ ಉಸಿರು ಬಿಟ್ಟು ಬಾಗಿಲು ತೆರೆದ. ಇಳಿಯುವಾಗ ಅಕ್ಕ ಅವನ ಜೇಬಿನಿಂದ ಆ ಕ್ಲಿಪ್ಪನ್ನು ತೆಗೆದುಕೊಂಡಳು. ಅವನು ಗಾಡಿಯ ಮುಂದೆ ಬಳಸಿಕೊಂಡು ಬರುವಷ್ಟರಲ್ಲಿ ಸೀಟು ಬದಲಾಯಿಸಿ, ಸ್ಟಿಯರಿಂಗಿಗೆ ಕ್ಲಿಪ್ಪು ಸಿಕ್ಕಿಸಿ ಕಾದಳು. ಮುಂದಿನ ಗಾಜಿನಾಚೆ ಅವನು ಒಂದು ಗಳಿಗೆ ನಿಂತ, ಎಡಕ್ಕೋ ಬಲಕ್ಕೋ ಎಂದು ನೋಡಿದ. ಅವಳು ಕೈ ಎತ್ತಿ ತೋರಿಸಿದಳು. ಬಂದು ಹತ್ತಿ ಕೂತ, ಬಾಗಿಲು ಹಾಕಿದ, ಬೆಲ್ಟು ಕಟ್ಟಿಕೊಂಡ. ಆಮೇಲೆ ಅಕ್ಕ ಅವನ ಕ್ಲಿಪ್ಪು ತೆಗೆದಳು.

ಗಾಡಿ ಕೆರೆಯ ಏರಿ ದಾಟಿ ಡಾಂಬರು ರಸ್ತೆಗೆ ಬಂತು. ಗಂಡ ಕಿಟಕಿಯಾಚೆ ನೋಡುತ್ತಿದ್ದವನು ತಿರುಗಿ ಅವಳ ಮುಖ ನೋಡಿದ.

"ಯಾಕೆ ಕಣ್ಣು ಕೆಂಪಾಗಿದೆ? ಏನಾಯ್ತು?"

"ಏನೂ ಆಗಿಲ್ಲ ರೀ," ಅಂದಳು ತನಿಖೆ ಅಕ್ಕ. "ಎಲ್ಲಾ ಹೇಗಿತ್ತೋ ಹಾಗೇ ಇದೆ."

ಅವನು ನಂಬಿದ.